ಪಾಬಳದ ಅಳತೆಗಾರರು

ಪುಣೆಯಿಂದ ನಾಸಿಕಕ್ಕೆ ಹೋಗುವ ರಾಜಮಾರ್ಗವನ್ನು ಹಿಡಿದು, ಮೋಶಿಯ ಬಳಿ ಇಂದ್ರಾಯಣಿಯನ್ನು ದಾಟಿ ಉತ್ತರಕ್ಕೆ ಸಾಗುವ ಪ್ರಯಾಣಿಕನಿಗೆ ಎದುರಾಗುವ ದೊಡ್ಡ ಊರು ಚಾಕಣ. 1660ರಲ್ಲಿ ಶಾಯಿಸ್ತಖಾನನ ಸೈನ್ಯವನ್ನು ಹತ್ತಿರ ಹತ್ತಿರ ಎರಡು ತಿಂಗಳ ಕಾಲ ತಡೆದು ನಿಲ್ಲಿಸಿದ ಸಣ್ಣದೊಂದು ನೆಲಗೋಟೆ ಅಲ್ಲಿದೆ. ಅಲ್ಲಿಯ ಈರುಳ್ಳಿಯ ಪೇಟೆಯೂ ಹೆಸರಾದುದೇ. ಆದರೆ ಈಗ ಚಾಕಣವೆಂದೊಡನೆ ಜನರ ನೆನಪಿಗೆ ಬರುವುದು ರಸ್ತೆಯ ಇಕ್ಕೆಲದಲ್ಲಿಯೂ ಮೈಲಿಗಟ್ಟಲೆ ಹಬ್ಬಿರುವ ವಾಹನ ನಿರ್ಮಾಣದ ಕಾರ್ಖಾನೆಗಳು. ಆ ಎತ್ತರದ ಗೋಡೆಗಳ ಒಳಗೆ ಯಂತ್ರಬಾಹುಗಳು ಮನುಷ್ಯನ ಕೈ ಸೋಕದಂತೆ ಉಕ್ಕಿನ ತಗಡುಗಳನ್ನು ಎತ್ತಿ, ತಿರುಗಿಸಿ, ಬೆಸೆದು ಮೋಟಾರು ಗಾಡಿಗಳ ಒಡಲನ್ನು ಕಟ್ಟುತ್ತಿರುತ್ತವೆ. ಹೊರಗೆ, ಬಿಡಿಭಾಗ ಮಾಡಿಕೊಡುವ ಶೆಡ್ಡುಗಳ ಮುಂದೆ, ಊಟದ ಡಬ್ಬಿಯನ್ನು ಹಿಡಿದ ತರುಣರು ಪಾಳಿ ಬದಲಾಗುವುದನ್ನು ಕಾಯುತ್ತ ನಿಂತಿರುತ್ತಾರೆ. ಈ ತರುಣರಲ್ಲಿ ಬಹುಮಂದಿ ಸುತ್ತಲಿನ ಹಳ್ಳಿಗಳ ರೈತರ ಮಕ್ಕಳು. ಗೋಡೆಯ ಒಳಗಿರುವ ವಿದ್ಯೆಗೂ ಅವರು ಓದಿಬಂದ ಶಾಲೆಗಳಿಗೂ ಇರುವ ದೂರವನ್ನು ಮೈಲಿಗಳಲ್ಲಿ ಅಳೆಯಲು ಬರುವಂತಿಲ್ಲ.

ಚಾಕಣವನ್ನು ಬಿಟ್ಟು ಇನ್ನಷ್ಟು ಮುಂದೆ ಹೋದರೆ ಖೇಡ. ಹುತಾತ್ಮ ರಾಜಗುರುವಿನ ಜನ್ಮಸ್ಥಾನವಾದುದರಿಂದ ಅದನ್ನೀಗ ರಾಜಗುರುನಗರವೆಂದು ಕರೆಯುತ್ತಾರೆ. ಅಲ್ಲಿ ಭೀಮೆ ಇನ್ನೂ ಎಳೆಯಳು. ಸಹ್ಯಾದ್ರಿಯ ನೆತ್ತಿಯ ಮೇಲಿನ ಭೀಮಾಶಂಕರದಿಂದ ಇಳಿದು ಬಂದ ದಣಿವೂ ಆರದ ಸಣ್ಣ ಹೊಳೆ. ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ನಮ್ಮ ಗಾಣಗಾಪುರವನ್ನು ಮುಟ್ಟಿ, ರಾಯಚೂರು ಸೀಮೆಯಲ್ಲಿ ಕೃಷ್ಣೆಯೊಡನೆ ಒಂದಾಗುವ ಆ ಮಹಾನದಿಯನ್ನು ಉತ್ತರ ಕರ್ನಾಟಕದವನಾದ ನಾನು ಇಲ್ಲಿ ಹೀಗೆ ಕಂಡು, ಬಸ್ಸಿನಲ್ಲಿಯೇ ಕೈಮುಗಿದೆನು. ಖೇಡದಿಂದ ದಾರಿ ಪೂರ್ವಕ್ಕೆ ತಿರುಗುತ್ತದೆ, ತಿರುಗಿದೊಡನೆ ನೆಲದ ಬಣ್ಣವೂ ಬದಲಾಗುತ್ತದೆ. ಘಟ್ಟವನ್ನು ಏರಿ ಬರುವ ಮೋಡಗಳು ತಮ್ಮ ನೀರನ್ನೆಲ್ಲ ಪಶ್ಚಿಮದ ಬೆಟ್ಟಗಳಿಗೆ ಒಪ್ಪಿಸಿ ಬರಿಗೈಯಲ್ಲಿ ದಾಟಿಹೋಗುವ ಮಳೆನೆರಳಿನ ಸೀಮೆಯಿದು. ಬೋಳು ಗುಡ್ಡಗಳು, ಜಾಲಿಯ ಪೊದೆಗಳು, ತೆಳುವಾದ ಮಣ್ಣಿನ ಕೆಳಗೆಲ್ಲ ಕರಿಯ ಬಂಡೆ. ಸಜ್ಜೆ, ಜೋಳ, ಮಳೆ ಕೂಡಿಬಂದರೆ ಈರುಳ್ಳಿ. ಪುಣೆಯಿಂದ ಸುಮಾರು 70 ಕಿಲೋಮೀಟರು ದೂರದಲ್ಲಿ, ಶಿರೂರು ತಾಲೂಕಿಗೆ ಸೇರಿದ ಈ ಬರಸೀಮೆಯ ನಡುವೆ ಪಾಬಳವಿದೆ.

ಇತಿಹಾಸವನ್ನು ಬಲ್ಲವರಿಗೆ ಪಾಬಳವು ಮಸ್ತಾನಿಯ ಊರು. ಬಾಜೀರಾಯನು ಅವಳಿಗೆ ಉಂಬಳಿಯಾಗಿ ಕೊಟ್ಟ ಊರೆಂದು ಹೇಳುತ್ತಾರೆ. 1740ರಲ್ಲಿ, ಬಾಜೀರಾಯನು ತೀರಿಕೊಂಡ ಅಲ್ಪಕಾಲದಲ್ಲಿಯೇ ಅವಳೂ ತೀರಿಕೊಂಡಳು, ಅವಳ ಸಮಾಧಿ ಇಲ್ಲಿಯೇ ಇದೆ. ಸಾಧಾರಣವಾದ ಆ ಸಮಾಧಿಯನ್ನು ನೋಡಿಕೊಂಡೇ ಮುಂದೆ ಹೋದೆನಾದರೂ ನಾನು ಬಂದುದು ಅದಕ್ಕಾಗಿ ಅಲ್ಲ. ಊರ ಹೊರಗಿನ ಬೋಳುಗುಡ್ಡದ ಮೇಲೆ, ತ್ರಿಕೋನಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ ಗುಮ್ಮಟಾಕಾರದ ಮನೆಗಳು ಕಾಣಿಸುತ್ತವೆ. ಅದು ವಿಜ್ಞಾನ ಆಶ್ರಮ. ಶಾಲೆಯಲ್ಲಿ ನಪಾಸಾದ, ಶಾಲೆಯನ್ನು ಬಿಟ್ಟ, ಪಾಸಾಗಿಯೂ ಏನು ಮಾಡಬೇಕೆಂದು ತೋಚದ ಹಳ್ಳಿಯ ಹುಡುಗ ಹುಡುಗಿಯರು ಒಂದು ವರ್ಷ ಅಲ್ಲಿಯೇ ಇದ್ದು, ಬೆಸುಗೆ, ಬಡಗಿತನ, ವಿದ್ಯುತ್ತು, ಬೇಸಾಯ, ಪಶುಪಾಲನೆ, ಆರೋಗ್ಯ, ವಿದ್ಯುನ್ಮಾನ ಇವೆಲ್ಲವನ್ನೂ ಕೈಯಿಂದ ಮಾಡುತ್ತ ಕಲಿಯುತ್ತಾರೆ. ಬಡ ದೇಶಗಳ ಮಕ್ಕಳಿಗೆ ಕಂಪ್ಯೂಟರು, ರೋಬಾಟು ಮೊದಲಾದ ನೂತನ ವಿದ್ಯೆಗಳನ್ನು ಹೇಗೆ ಕಲಿಸಬೇಕೆಂಬ ಚರ್ಚೆ ಈಗ ಎಲ್ಲೆಡೆ ನಡೆಯುತ್ತಿದೆ. ಆ ಚರ್ಚೆ ಹುಟ್ಟುವುದಕ್ಕೆ ಬಹಳ ಮೊದಲೇ ಅದಕ್ಕೊಂದು ಉತ್ತರವನ್ನು ಕಟ್ಟಿ ನಿಲ್ಲಿಸಿದ ಸ್ಥಳವನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಬಯಕೆಯಾಗಿದ್ದಿತು.

ಆಶ್ರಮವನ್ನು ಕಟ್ಟಿದವರು ಡಾ. ಶ್ರೀನಾಥ ಕಲಬಾಗರು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನದಲ್ಲಿ ಡಾಕ್ಟರೇಟು ಪಡೆದು ಬಂದ ಈ ವಿಜ್ಞಾನಿ ಕೆಲವು ವರ್ಷ ನಮ್ಮ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ದುಡಿದರು. ಅನಂತರ ಮುಂಬಯಿಯಲ್ಲಿ ಹಿಂದುಸ್ತಾನ್ ಲೀವರ್ ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿ ದೊಡ್ಡ ಪದವಿಯಲ್ಲಿದ್ದರು. ಐವತ್ತು ದಾಟಿದ ವಯಸ್ಸಿನಲ್ಲಿ, ಉಳಿದವರು ನಿವೃತ್ತಿಯ ಮನೆಯ ಲೆಕ್ಕ ಹಾಕುವ ಹೊತ್ತಿನಲ್ಲಿ, ಅದೆಲ್ಲವನ್ನೂ ಬಿಟ್ಟು 1983ರಲ್ಲಿ ಪಾಬಳಕ್ಕೆ ಬಂದು ನೆಲಸಿದರು. ನೀರಿಲ್ಲದ ಬೋಳುಗುಡ್ಡವನ್ನೇ ಆರಿಸಿಕೊಂಡುದರಲ್ಲಿ ಒಂದು ವಿವೇಕವಿತ್ತು: ಅನುಕೂಲಗಳಿರುವ ಕಡೆಯಲ್ಲಿ ಸಫಲವಾದ ಶಿಕ್ಷಣಕ್ರಮ ಅನುಕೂಲಗಳಿಲ್ಲದ ಕಡೆ ನಿಲ್ಲುವುದೆಂಬ ಭರವಸೆಯಿಲ್ಲ, ಆದರೆ ಪಾಬಳದಲ್ಲಿ ಬೇರು ಬಿಟ್ಟ ಗಿಡ ದೇಶದ ಯಾವ ಹಳ್ಳಿಯಲ್ಲಿಯಾದರೂ ಬದುಕೀತು. 2003ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಹಳ್ಳಿಯನ್ನು ಬಿಡಲಿಲ್ಲ.

ಕೈಕೆಲಸದ ಮೂಲಕ ಶಿಕ್ಷಣವೆಂಬುದು ನಮ್ಮ ದೇಶಕ್ಕೆ ಹೊಸದಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ನಯೀ ತಾಲೀಮಿನ ವಿಚಾರವನ್ನು ದೇಶದ ಮುಂದಿಟ್ಟರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪವನ್ನು ಕೊಟ್ಟಿತು. ಆ ಮಹತ್ತಾದ ವಿಚಾರ ಬಹುಕಡೆಗಳಲ್ಲಿ ತಕಲಿಯ ಒಂದು ತಾಸಾಗಿ ಕ್ಷೀಣಿಸಿತು; ಹುಡುಗರು ನೂತ ನೂಲನ್ನು ಕೇಳುವವರಿರಲಿಲ್ಲ, ತಂದೆತಾಯಿಗಳು ತಮ್ಮ ಮಕ್ಕಳಿಗೆ ಕೆಳದರ್ಜೆಯ ವಿದ್ಯೆ ಸಿಕ್ಕಿತೆಂದು ಸಂಶಯಪಟ್ಟರು. ಕಲಬಾಗರು ಆ ವಿಚಾರದ ಜೀವವನ್ನು ಉಳಿಸಿಕೊಂಡು ಎರಡು ಸಂಗತಿಗಳನ್ನು ಸೇರಿಸಿದರು. ಕೈಯಲ್ಲಿ ಹಿಡಿಯುವ ಉಪಕರಣ ಆಯಾ ಕಾಲದ ಅತ್ಯುತ್ತಮ ಉಪಕರಣವಾಗಿರಬೇಕು, ಹಳ್ಳಿಯೆಂಬ ಕಾರಣಕ್ಕೆ ಹಳೆಯದಾಗಬಾರದು. ಮತ್ತು ವಿದ್ಯಾರ್ಥಿ ಮಾಡಿದ ಕೆಲಸವನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಗ್ರಾಮಸ್ಥನೊಬ್ಬನು ಇರಬೇಕು. ಎರಡನೆಯದು ಮೇಲುನೋಟಕ್ಕೆ ವ್ಯಾಪಾರದ ಮಾತಿನಂತೆ ಕಾಣುತ್ತದೆ. ಆದರೆ ದುಡ್ಡು ಕೊಡುವವನು ಸುಳ್ಳು ಹೊಗಳಿಕೆಯನ್ನು ಕೊಡುವುದಿಲ್ಲ. ಪಂಪು ತಿರುಗದಿದ್ದರೆ ತಿರುಗಲಿಲ್ಲವೆಂದೇ ಹೇಳುತ್ತಾನೆ. ಯಾವ ಪರೀಕ್ಷಾ ಮಂಡಳಿಯೂ ಅಷ್ಟು ಪ್ರಾಮಾಣಿಕವಾಗಿ ಅಂಕ ಕೊಟ್ಟುದನ್ನು ನಾನು ಕಾಣೆನು. ಇದೇ ಕ್ರಮ ಸುತ್ತಣ ಪ್ರೌಢಶಾಲೆಗಳಿಗೂ ಹಬ್ಬಿ, ಎಂಟರಿಂದ ಹತ್ತನೆಯ ತರಗತಿಯವರೆಗೆ ವಾರದಲ್ಲೊಂದು ದಿನ ಊರಿನ ಕುಶಲಕರ್ಮಿಗಳೇ ಗುರುಗಳಾಗಿ ನಿಂತು ಕಲಿಸುವ ವಿಷಯವಾಯಿತು. ಮಹಾರಾಷ್ಟ್ರದ ಪರೀಕ್ಷಾ ಮಂಡಳಿ ಅದಕ್ಕೆ ಮನ್ನಣೆಯನ್ನೂ ಕೊಟ್ಟಿತು.

ನಾನು ಹೋದ ಮರುದಿನ ಬೆಳಿಗ್ಗೆ ಕೆಲವು ವಿದ್ಯಾರ್ಥಿಗಳು ಹತ್ತಿರದ ಹೊಲವೊಂದಕ್ಕೆ ನೀರು ನೋಡಲು ಹೊರಟಿದ್ದರು. ಅವರೊಡನೆ ನಾನೂ ಹೊರಟೆನು. ಅವರಲ್ಲೊಬ್ಬನು ಅಕ್ಕಲಕೋಟೆಯ ಕಡೆಯವನು. ನಾನು ಧಾರವಾಡದವನೆಂದು ತಿಳಿದೊಡನೆ ಅವನು ತನ್ನ ಮನೆಯ ಕನ್ನಡದಲ್ಲಿಯೇ ಮಾತಿಗೆ ತೊಡಗಿದನು. ಗುಡ್ಡದ ಇಳಿಜಾರಿನಲ್ಲಿ ಮರಾಠಿಯ ನಡುವೆ ಆ ಮಾತನ್ನು ಕೇಳಿದಾಗ ನನಗಾದ ಸಂತೋಷವನ್ನು ಪರದೇಶದಲ್ಲಿ ಕನ್ನಡವನ್ನು ಕೇಳಿದವರು ಮಾತ್ರ ಬಲ್ಲರು. ಹುಡುಗರ ಹೆಗಲ ಮೇಲೆ ಉಕ್ಕಿನ ನಾಲ್ಕು ಗೂಟಗಳು, ತಂತಿಯ ಸುರುಳಿಗಳು, ಸುತ್ತಿಗೆ, ಅಳತೆಯ ಟೇಪು, ಬ್ಯಾಟರಿಯಿರುವ ಒಂದು ಪೆಟ್ಟಿಗೆ. ಭೂಮಿಯ ವಿದ್ಯುತ್ ರೋಧವನ್ನು ಅಳೆಯುವ ಯಂತ್ರವದು. ನೆಲದೊಳಗಿನ ನೀರನ್ನು ಹುಡುಕುವ ಈ ಕೆಲಸವನ್ನು ಹಳ್ಳಿಯ ತರುಣರಿಗೆ ಕಲಿಸುವುದು ಆಶ್ರಮದ ಮೊದಲ ಕಾಯಕಗಳಲ್ಲೊಂದು.

ಹೊಲದ ಒಡೆಯನು ವೃದ್ಧನು. ಹುಡುಗರು ಅವನನ್ನು ಆಜೋಬಾ ಎನ್ನುತ್ತಿದ್ದರು. ಅಂಗೈಯ ಮೇಲೆ ತೆಂಗಿನಕಾಯನ್ನು ಅಡ್ಡವಾಗಿಟ್ಟುಕೊಂಡು ಹೊಲವನ್ನು ಸುತ್ತಿ, ಕಾಯಿ ಎದ್ದು ನಿಂತ ಕಡೆ ನೀರಿದೆಯೆಂದು ಹೇಳುವ ನೋಟಗಾರನೊಬ್ಬನು ಮೊದಲೇ ಬಂದುಹೋಗಿದ್ದನು. ಅವನು ತೋರಿಸಿದ ಜಾಗದಲ್ಲಿ ಕಲ್ಲೊಂದಕ್ಕೆ ಕುಂಕುಮ ಹಚ್ಚಿ ಇಟ್ಟಿದ್ದರು. ಹುಡುಗರು ಆ ಕಲ್ಲನ್ನು ಅಲುಗಿಸಲಿಲ್ಲ, ಅದನ್ನು ಕುರಿತು ಹಗುರವಾದ ಮಾತನ್ನೂ ಆಡಲಿಲ್ಲ. ಕಲ್ಲಿನ ಎರಡು ಬದಿಗೆ ಸಮಾನವಾದ ಅಂತರದಲ್ಲಿ ನಾಲ್ಕು ಗೂಟಗಳನ್ನು ನೇರವಾದ ಸಾಲಿನಲ್ಲಿ ಬಡಿದರು. ಹೊರಗಿನ ಎರಡು ಗೂಟಗಳ ಮೂಲಕ ವಿದ್ಯುತ್ತನ್ನು ನೆಲಕ್ಕೆ ಬಿಡುವುದು, ಒಳಗಿನ ಎರಡರ ನಡುವೆ ಹುಟ್ಟುವ ವೋಲ್ಟೇಜನ್ನು ಓದುವುದು, ಅನಂತರ ಗೂಟಗಳ ಅಂತರವನ್ನು ಹೆಚ್ಚಿಸಿ ಮತ್ತೆ ಓದುವುದು. ಅಂತರವು ಹೆಚ್ಚಿದಂತೆಲ್ಲ ವಿದ್ಯುತ್ತು ಹೆಚ್ಚು ಆಳಕ್ಕಿಳಿದು ಬರುತ್ತದೆ. ಅಕ್ಕಲಕೋಟೆಯ ಹುಡುಗನು ನನಗೆ ವಿವರಿಸಿದನು: “ಹಸಿ ಇದ್ದಲ್ಲಿ ಕರೆಂಟು ಹಗೂರ ಹರೀತದ್ರೀ ಸರ್, ಗಟ್ಟಿ ಬಂಡಿ ಇದ್ದಲ್ಲಿ ತಡೀತದ. ಗೂಟ ದೂರ ದೂರ ಇಟ್ಟಂಗೆಲ್ಲ ಕೆಳಗಿನ ಸುದ್ದಿ ತರ್ತದ. ನಾವು ಅಗೀದನ ಕೇಳೂದು, ಅಷ್ಟ.”

ಅಗೆಯದೆ ಕೇಳುವುದು! ಓಮನ ನಿಯಮವನ್ನು ಇಷ್ಟು ಸುಂದರವಾಗಿ ಹೇಳಿದ ಪಠ್ಯಪುಸ್ತಕವನ್ನು ನಾನು ಓದಿಲ್ಲ. ಸಂಗಡವಿದ್ದ ಹುಡುಗಿಯೊಬ್ಬಳು ಅಂಕಿಗಳನ್ನು ಬರೆದುಕೊಂಡು, ಎರಡು ಪೈಯನ್ನು ಅಂತರದಿಂದಲೂ ರೋಧದಿಂದಲೂ ಗುಣಿಸಿ, ಬಂದ ಬೆಲೆಯನ್ನು ಲಾಗ್ ಕಾಗದದ ಮೇಲೆ ಚುಕ್ಕೆಯಿಡುತ್ತ ಹೋದಳು. ಶಾಲೆಯಲ್ಲಿ ಲಾಗರಿದಮ್ಮಿನ ಕೋಷ್ಟಕವೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ಹೆದರಿಸುವ ಒಂದು ಪುಟವಾಗಿತ್ತೆಂದೂ, ಮೇಲ್ಮಣ್ಣಿನ ಸಣ್ಣ ಬೆಲೆಯನ್ನೂ ಬಂಡೆಯ ದೊಡ್ಡ ಬೆಲೆಯನ್ನೂ ಒಂದೇ ಹಾಳೆಯಲ್ಲಿ ಕಾಣಬೇಕಾದಾಗ ಅದೇಕೆ ಬೇಕೆಂಬುದು ತಿಳಿಯಿತೆಂದೂ ಅವಳು ಹೇಳಿದಳು. ಚುಕ್ಕೆಗಳನ್ನು ಕೂಡಿಸಿದ ಗೆರೆ ಕುಂಕುಮದ ಕಲ್ಲಿದ್ದಲ್ಲಿ ಒಂದೇ ಸಮನೆ ಮೇಲಕ್ಕೇರಿತು. ಕೆಳಗೆ ಬಿರುಕಿಲ್ಲದ ಬಂಡೆ. ಹೊಲದ ಮೂಡಣ ಬದುವಿನ ಹತ್ತಿರ ಅದು ಏರಿ, ನಡುವೆ ಇಳಿದು, ಮತ್ತೆ ಏರಿತು. ಹುಡುಗರ ಮುಖಗಳು ಅರಳಿದವು. ಆಗ ಅವರ ಮೇಲ್ವಿಚಾರಕನು ಆಡಿದ ಮಾತನ್ನು ಇಲ್ಲಿ ಬರೆಯಲೇಬೇಕು. ಜೇಡಿಮಣ್ಣಿನ ಪದರವಿದ್ದರೂ ಬೆಲೆ ಹೀಗೆಯೇ ಇಳಿಯುತ್ತದೆ, ಉಪ್ಪುನೀರಿದ್ದರೂ ಇಳಿಯುತ್ತದೆ. ಆದುದರಿಂದ ಬದುವಿನ ಅತ್ತ ಕಡೆಯ ಬಾವಿಯಲ್ಲಿ ಎಷ್ಟು ಆಳಕ್ಕೆ ಯಾವ ಕಲ್ಲು ಸಿಕ್ಕಿತೆಂಬುದನ್ನು ಕೇಳಿಕೊಂಡು ಬಾರದೆ ಆಜೋಬಾರಿಗೆ ಏನನ್ನೂ ಹೇಳಕೂಡದೆಂದು ಅವನು ಆಜ್ಞಾಪಿಸಿದನು. ಇಬ್ಬರು ಓಡಿದರು. ಮಧ್ಯಾಹ್ನದ ಹೊತ್ತಿಗೆ ವೃದ್ಧನಿಗೆ ಅವರು ತಿಳಿಸಿದುದಿಷ್ಟು: ಕೊರೆಸುವುದೇ ಆದರೆ ಮೂಡಣ ಬದುವಿನಲ್ಲಿ ಕೊರೆಸುವುದು ಲೇಸು, ಖಚಿತವೆಂದು ಹೇಳಲಾರೆವು. ಅವನು ಬಹಳ ಹೊತ್ತು ಆ ಕಾಗದವನ್ನು ನೋಡುತ್ತ ಕುಳಿತು, “ನನ್ನ ಹೊಲದ ಹೊಟ್ಟೆಯೊಳಗಿನದನ್ನು ನನಗೆ ತೋರಿಸಿ ಮಾತನಾಡಿದವರು ನೀವೇ ಮೊದಲಿಗರು, ಮಕ್ಕಳೇ” ಎಂದು ಮರಾಠಿಯಲ್ಲಿ ಹೇಳಿ, ಗೊತ್ತಾದ ಫೀಜನ್ನು ಎಣಿಸಿಕೊಟ್ಟನು.

ಈ ಮಾತು ನನ್ನ ಮನಸ್ಸಿನಲ್ಲಿ ಬಹಳ ದೂರ ಹೋಯಿತು. ನಮ್ಮ ಹಳ್ಳಿಗಳಲ್ಲಿ ಅಳತೆಯೆಂಬುದು ಎಂದೂ ಅಳೆಯಿಸಿಕೊಳ್ಳುವವನ ಕೈಯಲ್ಲಿದ್ದುದಿಲ್ಲ. ಹೊಲದ ಅಳತೆ ಶಾನುಭೋಗನ ಸರಪಳಿಯಲ್ಲಿದ್ದಿತು. ಕಾಳಿನ ಅಳತೆ ಸಾಹುಕಾರನ ಕೊಳಗದಲ್ಲಿದ್ದಿತು. ಈಗ ಹಾಲಿನ ಅಳತೆ ಸಂಗ್ರಹಣ ಕೇಂದ್ರದ ಯಂತ್ರದಲ್ಲಿದೆ. ಬೆಳಗಿನ ಜಾವಕ್ಕೆದ್ದು ಎಮ್ಮೆಯನ್ನು ಕರೆದು ಕ್ಯಾನನ್ನು ಹೊತ್ತು ತಂದ ಹೆಂಗಸಿಗೆ ಫ್ಯಾಟು ಇಷ್ಟೆಂದು ಒಂದು ಚೀಟಿ ಸಿಗುತ್ತದೆ. ದಶಾಂಶ ಬಿಂದುವಿನ ಬಲಗಡೆಯ ಒಂದು ಅಂಕಿಯ ಮೇಲೆ ಅವಳ ಮನೆಯ ಅಂದಿನ ಎಣ್ಣೆ ಉಪ್ಪು ನಿಂತಿದೆ. ಆ ಅಂಕಿಯನ್ನು ಪ್ರಶ್ನಿಸುವ ಸಾಧನ ಅವಳಲ್ಲಿಲ್ಲ. ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ, ನಿಜವಾಗಿರಬಹುದು. ಆದರೆ ನಿಜವೆಂದು ನಂಬುವುದೊಂದೇ ಅವಳಿಗಿರುವ ದಾರಿ. ವಿದ್ಯುನ್ಮಾನವನ್ನು ಬಡವರ ಮಕ್ಕಳಿಗೆ ಏಕೆ ಕಲಿಸಬೇಕೆಂದು ಕೇಳುವವರು ಸಾಮಾನ್ಯವಾಗಿ ನೌಕರಿಯ ಮಾತನ್ನಾಡುತ್ತಾರೆ. ನೌಕರಿ ಬೇಕು, ಅಲ್ಲಗಳೆಯುವುದಿಲ್ಲ. ಅದಕ್ಕಿಂತ ಹಿರಿದಾದ ಕಾರಣವೊಂದು ನನಗೆ ಪಾಬಳದ ಹೊಲದಲ್ಲಿ ಕಂಡಿತು: ಅಳೆಯುವ ಯಂತ್ರವನ್ನು ಮಾಡಬಲ್ಲ ಮಗುವಿರುವ ಮನೆಯಲ್ಲಿ ಪರರ ಅಂಕಿಯ ಮುಂದೆ ತಲೆತಗ್ಗಿಸಿ ನಿಲ್ಲಬೇಕಾಗಿಲ್ಲ. ಮಾಡುವುದಕ್ಕೆ ಬಲ್ಲವನೇ ಸಂಶಯಪಡುವುದಕ್ಕೂ ಬಲ್ಲನು, ತೂಗಿ ನೋಡಿ ಒಪ್ಪುವುದಕ್ಕೂ ಬಲ್ಲನು.

ಅಂದು ಅಪರಾಹ್ನ ಕಾರ್ಯಾಗಾರದಲ್ಲಿ ಈ ವಿಚಾರಕ್ಕೆ ಪ್ರತ್ಯಕ್ಷ ನಿದರ್ಶನವೇ ದೊರೆಯಿತು. ಇಬ್ಬರು ಹುಡುಗಿಯರು ತೂಕದ ಯಂತ್ರವೊಂದನ್ನು ಕಟ್ಟುತ್ತಿದ್ದರು. ಅಲ್ಯೂಮಿನಿಯಮ್ಮಿನ ಒಂದು ಚಿಕ್ಕ ದಂಡ. ಅದಕ್ಕೆ ಅಂಟಿಸಿದ ತೆಳುವಾದ ಲೋಹದ ಎಳೆಗಳು. ಭಾರವನ್ನಿಟ್ಟಾಗ ದಂಡವು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎಳೆ ಕಾಣದಷ್ಟು ಹಿಗ್ಗುತ್ತದೆ, ಹಿಗ್ಗಿದ ಎಳೆಯ ರೋಧ ಸಾವಿರದಲ್ಲೊಂದು ಪಾಲಿನಷ್ಟು ಬದಲಾಗುತ್ತದೆ. ಆ ಬದಲಾವಣೆಯನ್ನು ಹಿಗ್ಗಿಸಿ, ಅಂಕಿಯಾಗಿಸಿ, ಕಿರುಗಣಕಕ್ಕೆ ಒಪ್ಪಿಸಬೇಕು. ಹುಡುಗಿಯರು ಬರೆದ ಪ್ರೋಗ್ರಾಮು ಹತ್ತಿಪ್ಪತ್ತು ಸಾಲುಗಳಿಗೆ ಮೀರಿದುದಲ್ಲ. ಆದರೆ ದಂಡದ ಮೇಲೆ ಕಿಲೋಗ್ರಾಮಿನ ಮುದ್ರೆಯ ಬಟ್ಟನ್ನು ಇಡುವುದು, ಅಂಕಿಯನ್ನು ನೋಡುವುದು, ತೆಗೆದು ಸೊನ್ನೆಗೆ ಮರಳಿತೇ ಎಂದು ಪರೀಕ್ಷಿಸುವುದು, ಮರಳದಿದ್ದರೆ ತಿರುಪನ್ನು ಬಿಗಿಮಾಡಿ ಮತ್ತೆ ಇಡುವುದು, ಇದನ್ನು ಅವರು ಸಂಜೆಯವರೆಗೂ ಬೇಸರಿಸದೆ ಮಾಡುತ್ತಿದ್ದರು. ಅವರಲ್ಲೊಬ್ಬಳ ತಂದೆ ಈರುಳ್ಳಿ ಬೆಳೆಯುವವನು. ಬೇಸಗೆಯಲ್ಲಿ ಚೀಲಗಳು ಪೇಟೆಗೆ ಹೊರಡುವ ಮೊದಲು ಮನೆಯಲ್ಲಿಯೇ ತೂಕ ಮಾಡಿ ಚೀಲಕ್ಕೊಂದು ಚೀಟಿ ಕಟ್ಟಬೇಕೆಂದು ಅವಳು ನಿಶ್ಚಯಿಸಿದ್ದಳು. “ಅಪ್ಪನಿಗೆ ಹೇಳಿದ್ದೀಯಾ ತಾಯಿ?” ಎಂದು ಕೇಳಿದೆನು. “ಮೊದಲು ಸೊನ್ನೆಗೆ ಸರಿಯಾಗಿ ಬರಲಿ ಸರ್, ಆಮೇಲೆ ಹೇಳುತ್ತೇನೆ” ಎಂದಳು.

ಈ ಕಾರ್ಯಾಗಾರಕ್ಕೆ ಜಗತ್ತಿನ ಇತಿಹಾಸದಲ್ಲಿ ಒಂದು ಸ್ಥಾನವಿದೆ. ಅಮೆರಿಕದ ಎಂ.ಐ.ಟಿ.ಯ ನೀಲ್ ಗರ್ಶೆನ್‌ಫೆಲ್ಡರು, ಏನನ್ನಾದರೂ ಮಾಡಿಕೊಳ್ಳಬಲ್ಲ ಸಣ್ಣದೊಂದು ಯಂತ್ರಶಾಲೆ ಪ್ರತಿಯೊಂದು ಊರಿನಲ್ಲಿಯೂ ಇರಬೇಕೆಂಬ ತಮ್ಮ ಕಲ್ಪನೆಯನ್ನು ಪರೀಕ್ಷಿಸಲು ಹೊರಟಾಗ, ಅಂಥ ಫ್ಯಾಬ್ ಲ್ಯಾಬು ಎಂ.ಐ.ಟಿ.ಯ ಹೊರಗೆ ಮೊದಲು ನೆಲೆಗೊಂಡ ಸ್ಥಳಗಳಲ್ಲಿ 2002ರಲ್ಲಿಯೇ ಪಾಬಳವೂ ಒಂದಾಗಿದ್ದಿತು. ಅದೇ ಪರಂಪರೆಯ ಯಂತ್ರಶಾಲೆ ನಾರ್ವೆಯ ಲಿಂಗೆನ್ನಿನಲ್ಲಿ ಬೆಟ್ಟಕ್ಕೆ ಮೇಯಲು ಹೋದ ಕುರಿಗಳ ಕೊರಳಿಗೆ ರೇಡಿಯೋ ಕಟ್ಟಿ ಹುಡುಕುವ ಕೆಲಸಕ್ಕೆ ತೊಡಗಿತು. 2004ರಲ್ಲಿ ಘಾನಾ ದೇಶದ ತಕೋರಾಡಿಯ ತಾಂತ್ರಿಕ ಶಾಲೆಯಲ್ಲಿ ತೆರೆಯಿತು. ಲೇಸರಿನಿಂದ ಕತ್ತರಿಸುವ ಯಂತ್ರ, ಸರ್ಕಿಟ್ ಬೋರ್ಡನ್ನು ಕೊರೆಯುವ ಪುಟ್ಟ ಮಿಲ್ಲಿಂಗ್ ಯಂತ್ರ, ಒಂದಷ್ಟು ಕಂಪ್ಯೂಟರುಗಳು, ಮೇಜಿನ ತುಂಬ ಬಿಡಿಭಾಗಗಳು: ಎಲ್ಲೆಡೆಯೂ ಸಾಮಗ್ರಿ ಹೆಚ್ಚುಕಡಮೆ ಒಂದೇ. ಅದರಿಂದ ಏನು ಹುಟ್ಟಬೇಕೆಂಬುದನ್ನು ಮಾತ್ರ ಆಯಾ ಊರಿನ ಕೊರತೆ ನಿರ್ಣಯಿಸುತ್ತದೆ.

ಹುಡುಗಿಯರ ಮೇಜಿನ ಮೇಲಿದ್ದ ಆರ್ಡುಯಿನೋ ಎಂಬ ಕಿರುಗಣಕದ ಫಲಕ 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಹುಟ್ಟಿದುದು. ಅದಕ್ಕೆ ಆಧಾರವಾದ ವೈರಿಂಗ್ ಎಂಬ ರಚನೆಯನ್ನು ಅದೇ ಊರಿನ ಶಾಲೆಯಲ್ಲಿ ಪದವಿ ಪ್ರಬಂಧಕ್ಕಾಗಿ 2003ರಲ್ಲಿ ಕೈಗೊಂಡವನು ಎರ್ನಾಂಡೋ ಬಾರಗಾನ್ ಎಂಬ ಕೊಲಂಬಿಯಾ ದೇಶದ ವಿದ್ಯಾರ್ಥಿ. ಬಡ ದೇಶಗಳು ಇಂಥ ವಿದ್ಯೆಯನ್ನು ಸ್ವೀಕರಿಸುವ ಪಾತ್ರೆಗಳು ಮಾತ್ರವೆಂದು ಭಾವಿಸುವವರಿಗೆ ಈ ಸಂಗತಿಯನ್ನು ನಾನು ಮರೆಯದೆ ಹೇಳುತ್ತೇನೆ. ಮಲಾವಿ ದೇಶದ ಬಾಲಕ ವಿಲಿಯಮ್ ಕಾಮ್‌ಕ್ವಾಂಬನ ವೃತ್ತಾಂತವಂತೂ ಬಹುಮಂದಿಗೆ ಗೊತ್ತಿರುವಂಥದು. ಕ್ಷಾಮದ ವರ್ಷದಲ್ಲಿ ಫೀಜು ಕಟ್ಟಲಾರದೆ ಶಾಲೆಯನ್ನು ಬಿಟ್ಟ ಹದಿನಾಲ್ಕರ ಹುಡುಗನು ಊರಿನ ಗ್ರಂಥಾಲಯದ ಇಂಗ್ಲಿಷ್ ಪುಸ್ತಕವೊಂದರ ಚಿತ್ರಗಳನ್ನು ನೋಡಿ, ಸೈಕಲ್ಲಿನ ಚೌಕಟ್ಟು, ಟ್ರಾಕ್ಟರಿನ ಹಳೆಯ ಫ್ಯಾನು, ಪ್ಲಾಸ್ಟಿಕ್ಕಿನ ಕೊಳವೆ ಮೊದಲಾದ ಗುಜರಿಯಿಂದ ಗಾಳಿಯಂತ್ರವನ್ನು ಕಟ್ಟಿ ಮನೆಯಲ್ಲಿ ದೀಪ ಹಚ್ಚಿದನು. ಜಗತ್ತು ಅವನ ಪ್ರತಿಭೆಯನ್ನು ಕೊಂಡಾಡಿತು, ಕೊಂಡಾಡಬೇಕಾದುದೇ. ಆದರೆ ಆ ಕಥೆಯನ್ನು ಕೇಳಿದಾಗಲೆಲ್ಲ ನನ್ನ ಗಮನ ಆ ಗ್ರಂಥಾಲಯದ ಕಡೆಗೆ ಹೋಗುತ್ತದೆ. ಹಳ್ಳಿಯ ಪ್ರಾಥಮಿಕ ಶಾಲೆಯ ಕೋಣೆಯೊಂದರಲ್ಲಿ ಯಾರೋ ಪುಸ್ತಕಗಳನ್ನು ಜೋಡಿಸಿಟ್ಟಿದ್ದರು, ಶಾಲೆಯನ್ನು ಬಿಟ್ಟ ಹುಡುಗನಿಗೂ ಬಾಗಿಲನ್ನು ಮುಚ್ಚಲಿಲ್ಲ. ಅಸಾಧಾರಣ ಪ್ರತಿಭೆಯನ್ನು ನಾವು ನಿರ್ಮಿಸಲಾರೆವು. ತೆರೆದ ಕೋಣೆಯನ್ನು ನಿರ್ಮಿಸಬಲ್ಲೆವು.

ತೆರೆದ ಕೋಣೆಯೆಂದಾಗ ಬಹಳ ಹಿಂದೆ ಕಂಡ ಒಂದು ಪ್ರೌಢಶಾಲೆಯ ಪ್ರಯೋಗಾಲಯ ನೆನಪಾಗುತ್ತದೆ. ಗಾಜಿನ ಬಾಗಿಲ ಕಪಾಟುಗಳಲ್ಲಿ ಗ್ಯಾಲ್ವನೋಮೀಟರು, ರೋಧಪೆಟ್ಟಿಗೆ, ಶ್ರುತಿಕವೆ ಎಲ್ಲವೂ ಹೊಳೆಯುತ್ತ ಕುಳಿತಿದ್ದವು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿದ್ದಿತು. ಆ ಉಪಾಧ್ಯಾಯರು ದುಷ್ಟರಲ್ಲ. ಒಡೆದ ಪ್ರತಿಯೊಂದು ವಸ್ತುವಿಗೂ ಸ್ಟಾಕ್ ರಿಜಿಸ್ಟರಿನಲ್ಲಿ ಉತ್ತರ ಬರೆಯಬೇಕಾದ, ಕೆಲವೊಮ್ಮೆ ಸಂಬಳದಿಂದಲೇ ತೆರಬೇಕಾದ ಭಯ ಅವರನ್ನು ಕಾವಲುಗಾರರನ್ನಾಗಿ ಮಾಡಿದ್ದಿತು. 2016ರಿಂದೀಚೆಗೆ ನೀತಿ ಆಯೋಗವು ಅಟಲ್ ಟಿಂಕರಿಂಗ್ ಲ್ಯಾಬುಗಳ ಯೋಜನೆಯನ್ನು ಕೈಗೊಂಡು, ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನವನ್ನಿತ್ತು, ದೇಶದ 10,000 ಶಾಲೆಗಳಲ್ಲಿ ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗಾಗಿ ಕೈಯಾರೆ ಮಾಡಿ ಕಲಿಯುವ ಕೋಣೆಗಳನ್ನು ತೆರೆಸಿದೆ. ದೊಡ್ಡ ಕೆಲಸವಿದು, ಹೃತ್ಪೂರ್ವಕವಾಗಿ ಸ್ವಾಗತಿಸಬೇಕಾದ ಕೆಲಸ. ಸುಟ್ಟುಹೋದ ಎಲ್‌ಇಡಿ, ತುಂಡಾದ ತಂತಿ, ತಪ್ಪು ಕಡೆಗೆ ಬ್ಯಾಟರಿ ಜೋಡಿಸಿ ಹೊಗೆಯಾಡಿಸಿದ ಫಲಕ, ಇವು ನಷ್ಟವಲ್ಲ, ಪಾಠದ ಖರ್ಚು ಎಂದು ಒಪ್ಪುವ ಒಂದು ಕಾಲಮ್ಮನ್ನು ನಮ್ಮ ರಿಜಿಸ್ಟರುಗಳಿಗೆ ಸೇರಿಸಿದರೆ ಆ ಹಣ ಸಾರ್ಥಕವಾದೀತು. ಪಾಬಳದಲ್ಲಿ ಕೆಟ್ಟ ಬಿಡಿಭಾಗಗಳಿಗೆಂದೇ ಒಂದು ಡಬ್ಬಿಯಿದ್ದಿತು. ಅದು ಏಕೆ ಕೆಟ್ಟಿತೆಂದು ಕಂಡುಹಿಡಿಯುವುದು ಹೊಸಬರಿಗೆ ಕೊಡುವ ಮೊದಲ ಪಾಠಗಳಲ್ಲೊಂದು.

ರೋಬಾಟುಗಳನ್ನು ಕುರಿತು ಒಂದೆರಡು ಮಾತು. ನಗರದ ಶಾಲೆಗಳಲ್ಲಿ ಈಗ ರೋಬಾಟಿನ ಸ್ಪರ್ಧೆಗಳು ವಿಜೃಂಭಣೆಯಿಂದ ನಡೆಯುತ್ತವೆ. ಬಿಳಿಯ ಹಾಸಿನ ಮೇಲೆ ಬಳಿದ ಕರಿಯ ಗೆರೆಯನ್ನು ಅನುಸರಿಸಿ ಓಡುವ ಪುಟ್ಟ ಗಾಡಿ ಅವುಗಳಲ್ಲಿ ಅತ್ಯಂತ ಪರಿಚಿತವಾದುದು: ಬಿಳಿಯ ಹಾಸು ಬೆಳಕನ್ನು ಮರಳಿಸುತ್ತದೆ, ಕರಿಯ ಗೆರೆ ನುಂಗುತ್ತದೆ, ಆ ಭೇದವನ್ನು ಎರಡು ಕಣ್ಣುಗಳಿಂದ ಗ್ರಹಿಸಿ ಗಾಡಿಯು ಎಡಬಲದ ಚಕ್ರಗಳ ವೇಗವನ್ನು ತಿದ್ದಿಕೊಳ್ಳುತ್ತದೆ. ನೇಗಿಲು ಹಿಡಿದವನು ಸಾಲು ಬಾಗಿದೊಡನೆ ಮೇಳಿಯನ್ನು ಒತ್ತಿ ಸರಿಪಡಿಸುವಂತೆ, ನೋಡುವುದು, ಹೋಲಿಸುವುದು, ತಿದ್ದುವುದು. ಇದರಲ್ಲಿ ಗಹನವಾದ ತತ್ತ್ವವಿದೆ, ಆಟಿಕೆಯೆಂದು ತಳ್ಳಿಹಾಕಲಾಗದು. ಆದರೆ ಬೆಲೆಬಾಳುವ ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ, ಒಂದೇ ರೀತಿಯಲ್ಲಿ ಮಾತ್ರ ಕೂಡುವ ಭಾಗಗಳಿಂದ ಅದನ್ನು ಜೋಡಿಸಿದ ಮಗುವಿಗೆ ದಕ್ಕುವುದು ಬಹುಮಾನ ಮಾತ್ರ. ಪಾಬಳದ ಹುಡುಗರು ಇದೇ ತತ್ತ್ವವನ್ನು ಮೊಟ್ಟೆ ಮರಿಮಾಡುವ ಪೆಟ್ಟಿಗೆಯಲ್ಲಿ ಕಲಿಯುತ್ತಾರೆ. ಕೋಳಿಯ ಮೊಟ್ಟೆಗೆ 37.5 ಡಿಗ್ರಿಯ ಕಾವು 21 ದಿನಗಳವರೆಗೆ ಬೇಕು; ಕೊನೆಯ ಮೂರು ದಿನಗಳನ್ನುಳಿದು ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಹೊರಳಿಸಬೇಕು; ಗಾಳಿಯ ತೇವವೂ ಹದವಾಗಿರಬೇಕು. ಸಂವೇದಕವು ಉಷ್ಣವನ್ನು ಓದುತ್ತದೆ, ಗಣಕವು ಹೋಲಿಸುತ್ತದೆ, ರಿಲೇಯು ದೀಪವನ್ನು ಹೊತ್ತಿಸಿ ಆರಿಸುತ್ತದೆ, ಸಣ್ಣ ಮೋಟಾರು ತಟ್ಟೆಯನ್ನು ಓಲಾಡಿಸುತ್ತದೆ. ಕರೆಂಟು ಹೋಗುವುದಂತೂ ಹಳ್ಳಿಯಲ್ಲಿ ಖಂಡಿತ. ಆದುದರಿಂದ ಬ್ಯಾಟರಿಗೆ ತಾನಾಗಿ ಬದಲಾಗುವ ಉಪಾಯವನ್ನೂ ಅವರೇ ಯೋಚಿಸಬೇಕು. ಗಾಡಿ ಗೆರೆಯನ್ನು ತಪ್ಪಿದರೆ ಎತ್ತಿ ಮತ್ತೆ ಇಡಬಹುದು. ಇಲ್ಲಿ ಪ್ರೋಗ್ರಾಮಿನ ಒಂದು ಸಾಲು ತಪ್ಪಿದರೆ ಇಪ್ಪತ್ತೊಂದನೆಯ ದಿನ ಮರಿಯಿಲ್ಲ. ಆ ಜವಾಬ್ದಾರಿಯ ಅರಿವಿನಿಂದ ಅವರು ಬರೆದುದನ್ನು ಮತ್ತೆ ಮತ್ತೆ ಓದುತ್ತಿದ್ದ ಏಕಾಗ್ರತೆಯನ್ನು ಕಂಡು, ಇಂಥ ಪೆಟ್ಟಿಗೆಯನ್ನು ಕಟ್ಟಿದ ಮೇಲೆ ಆ ಗಾಡಿಯನ್ನೂ ಕಟ್ಟಲಿ, ಆಗ ಆಟದ ಸಂತೋಷವೂ ಪೂರ್ಣವಾದೀತು ಎಂದುಕೊಂಡೆನು.

ಸಂಜೆ ಊಟವಾದ ಮೇಲೆ ಅಕ್ಕಲಕೋಟೆಯ ಹುಡುಗನು ತನ್ನ ನೋಟ್‌ಬುಕ್ಕನ್ನು ಹಿಡಿದುಕೊಂಡು ಬಂದು ನನ್ನ ಬಳಿ ಕುಳಿತನು. ಕೋರ್ಸು ಮುಗಿದೊಡನೆ ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ತೆರೆದು, ಪಂಪಿನ ಸ್ಟಾರ್ಟರು ರಿಪೇರಿಯ ಜೊತೆಗೆ ನೀರು ನೋಡುವ ಕೆಲಸವನ್ನೂ ಮಾಡಬೇಕೆಂದು ಅವನ ಸಂಕಲ್ಪ. ಗಡಿಯಾಚೆಗಿನ ಇಂಡಿ, ಚಡಚಣ, ಆಳಂದದ ಕಡೆಯ ರೈತರು ಕೊಳವೆಬಾವಿಗೆ ಸುರಿಯುವ ಹಣವನ್ನು ನೋಡಿದರೆ, ಕೊರೆಯುವ ಮೊದಲು ಒಂದು ಅಳತೆಗೆ ದುಡ್ಡು ಕೊಡಲಾರರೇ ಎಂದು ಕೇಳಿದನು. ಕೊಟ್ಟಾರು, ಆದರೆ ಮೊದಲ ವರ್ಷ ನೀನು ತೋರಿಸಿದ ಒಂದು ಬಾವಿ ಬತ್ತಿದರೆ ಆ ಸೀಮೆಯಲ್ಲಿ ಮತ್ತೆ ಕಾಲಿಡಲಾರೆ ಎಂದೆನು. ಅವನು ತಲೆದೂಗಿದನು. “ಅದಕ್ಕs ಸರ್, ಮೊದಲ ನೀರಿದ್ದ ಬಾವಿ, ನೀರಿಲ್ಲದ ಬಾವಿ, ಎರಡರ ಬಾಜೂನೂ ಪುಕ್ಕಟೆ ಅಳದು ಬರ್ಕೋಬೇಕಂತ ಮಾಡೀನಿ. ನಮ್ಮ ಮಾಮಾರ ಊರಾಗಿನವು ಬರದೀನಿ ನೋಡ್ರಿ. ನಿಮ್ಮ ಕಡೆ ಯಾರರೆ ಬೋರು ಹೊಡಸಿದಾಗ ಎಷ್ಟು ಫೂಟಿಗೆ ಯಾವ ಕಲ್ಲು ಬಂತು ಅಂತ ಬರದಿಟ್ಟವರು ಅದಾರೇನ್ರಿ?” ಇಂಡಿಯ ಹತ್ತಿರ ನಿಂಬೆಯ ತೋಟ ಮಾಡುವ ಬಂಧುವೊಬ್ಬನು ತನ್ನ ಬಾವಿಗಳ ಲೆಕ್ಕವನ್ನು ಡೈರಿಯಲ್ಲಿ ಬರೆದಿಟ್ಟುಕೊಂಡುದನ್ನು ನಾನು ಬಲ್ಲೆನು. ಅವನ ಹೆಸರನ್ನೂ ಊರನ್ನೂ ಹುಡುಗನ ಪುಸ್ತಕದಲ್ಲಿ ಬರೆದುಕೊಟ್ಟು, ಮಳೆ ಬಿದ್ದು ನೆಲ ನೆನೆದರೆ ಮೇಲ್ಪದರದ ಅಂಕಿಗಳು ಬದಲಾಗುವುದರಿಂದ ಬೇಸಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ, ಎರಡು ಸಲ ಅಳೆಯಬೇಕೇನೋ ಎಂದು ಕೇಳಿದೆನು. ಅವನು ಅದನ್ನೂ ಬರೆದುಕೊಂಡು, ಮೇಲ್ವಿಚಾರಕನನ್ನು ಕೇಳಿ ಬರುತ್ತೇನೆಂದು ಎದ್ದು ಹೋದನು.